ಮಾತ್ರೆಗೆ ಬಿಟ್ಟ ಅರ್ಧ ಇಂಚು

ಊರಿನ ದಪ್ಪಗಿನವರಿಗೆಲ್ಲ ಟೈಲರ್ ಮಾಸ್ಟರೆಂದರೆ ಪ್ರಾಣ. ಬೇರೆ ಟೈಲರುಗಳು ಇವತ್ತಿನ ಹೊಟ್ಟೆಗೆ ಪ್ಯಾಂಟು ಹೊಲಿದರೆ, ಮಾಸ್ಟರು ಮುಂದಿನ ಐದು ವರ್ಷದ ಹೊಟ್ಟೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೊಲಿಯುತ್ತಿದ್ದರು. ಪ್ರತಿ ಹೊಲಿಗೆಯ ಒಳಗೆ ಅರ್ಧ ಇಂಚು ಬಟ್ಟೆ ಮಡಿಸಿ ಬಿಟ್ಟಿರುತ್ತಿದ್ದರು. ಗಿರಾಕಿ ಎರಡು ವರ್ಷ ಬಿಟ್ಟು, ಪ್ಯಾಂಟನ್ನು ಪೇಪರಿನಲ್ಲಿ ಸುತ್ತಿಕೊಂಡು, ಕಳ್ಳನ ಹಾಗೆ ಅಂಗಡಿ ಮೆಟ್ಟಿಲು ಹತ್ತಿದರೆ ಮಾಸ್ಟರು ಒಂದು ಮಾತೂ ಕೇಳುತ್ತಿರಲಿಲ್ಲ. "ಒಗೆದಾಗ ಬಟ್ಟೆ ಸ್ವಲ್ಪ ಎಳ್ಕೊಂಡಿರುತ್ತೆ ಸಾರ್, ಬಿಡಿಸಿಕೊಡ್ತೀನಿ" ಎನ್ನುತ್ತಿದ್ದರು. ಬಟ್ಟೆಯ ಮೇಲೆ ತಪ್ಪು ಹಾಕಿ ಮನುಷ್ಯನನ್ನು ಕಾಪಾಡುವ ಈ ಗುಣದಿಂದಲೇ ಅವರ ಅಂಗಡಿ ನಡೆಯುತ್ತಿತ್ತು.

ಅಂಗಡಿಯಲ್ಲಿ ಇದ್ದವರು ಇಬ್ಬರೇ. ಕಟಿಂಗ್ ಮಾಸ್ಟರದು; ಕಾಜಾ, ಗುಂಡಿ, ಹೆಮ್ಮಿಂಗು ಮತ್ತು ಯಜಮಾನಿಕೆ ಅವರ ಅಕ್ಕನದು. ಅಂಗಡಿಯ ಹಿಂದಿನ ಬಾಗಿಲು ತೆರೆದರೆ ಮನೆ. ಅಲ್ಲಿ ಅಕ್ಕನ ಗಂಡ, ಅಂದರೆ ಮಾಸ್ಟರ ಭಾವ, ನೀರು ಸರಬರಾಜು ಕಚೇರಿಯಿಂದ ನಿವೃತ್ತರಾಗಿ, ಸರಬರಾಜು ಮಾಡಲು ಬೇರೇನೂ ಇಲ್ಲದ್ದರಿಂದ ಬುದ್ಧಿಮಾತನ್ನು ಸರಬರಾಜು ಮಾಡಿಕೊಂಡಿದ್ದರು.

ಮಾಸ್ಟರಿಗೆ ಒಂದು ಕಾಯಿಲೆ ಇತ್ತು. ಹತ್ತು ವರ್ಷದ ಹಿಂದೆ ಅವರ ನಿದ್ದೆ ಹೇಳದೆ ಕೇಳದೆ ಹೊರಟುಹೋಯಿತು. ಖಾಲಿಯಾದ ಆ ಜಾಗಕ್ಕೆ ಯಾರೋ ಪಿಸುಗುಟ್ಟುವ ಸದ್ದು ಬಾಡಿಗೆಗೆ ಬಂತು. ರಸ್ತೆಯಲ್ಲಿ ನಿಂತವರೆಲ್ಲ ತನ್ನ ವಿಷಯವನ್ನೇ ಮಾತಾಡುತ್ತಿದ್ದಾರೆ ಅನ್ನಿಸತೊಡಗಿತು. ಆ ದಿನಗಳಲ್ಲೇ ಒಬ್ಬ ವಕೀಲರ ಕೋಟಿಗೆ ಮೂರು ತೋಳು ಕತ್ತರಿಸಿದ್ದರು. "ವಕೀಲರಿಗೆ ಎರಡು ಕೈ ಸಾಲಲ್ಲ ಅಂತ ನನಗೆ ಆಗ್ಲೇ ಗೊತ್ತಾಗಿತ್ತು" ಎಂದು ಈಗ ತಾವೇ ನಗುತ್ತಿದ್ದರು. ಆಗ ಯಾರೂ ನಕ್ಕಿರಲಿಲ್ಲ. ಆಸ್ಪತ್ರೆ, ಮಾತ್ರೆ ಎಲ್ಲ ಆಗಿ ಮಾಸ್ಟರು ಸರಿಹೋದ ಮೇಲೂ ಅಕ್ಕ ಕತ್ತರಿಯನ್ನು ಎರಡು ವರ್ಷ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಕಟಿಂಗ್ ಟೇಬಲಿಗೆ ಹೊರಗಿನವನೊಬ್ಬ ಬಂದ. ಮಾಸ್ಟರು ಮೂಲೆಯ ಸ್ಟೂಲಿನಲ್ಲಿ ಕೂತು ಗುಂಡಿ ಹಚ್ಚಿದರು. ಕತ್ತರಿ ಇಲ್ಲದ ಮಾಸ್ಟರೆಂದರೆ ಖಾತೆ ಇಲ್ಲದ ಮಂತ್ರಿ; ಮರ್ಯಾದೆ ಕೊಡುತ್ತಾರೆ, ಕೆಲಸ ಕೊಡುವುದಿಲ್ಲ. ಆ ಎರಡು ವರ್ಷವನ್ನು ನೆನೆದರೆ ಮಾಸ್ಟರಿಗೆ ಕಾಯಿಲೆಗಿಂತ ಹೆಚ್ಚು ಭಯವಾಗುತ್ತಿತ್ತು.

ಕತ್ತರಿ ವಾಪಸ್ಸು ಬಂದು ಎಂಟು ವರ್ಷವಾಗಿತ್ತು. ದಿನಕ್ಕೊಂದು ಮಾತ್ರೆ, ಮಲಗುವ ಮುಂಚೆ. ಪಿಸುಮಾತು ಪೂರ್ತಿ ನಿಂತಿತ್ತು. ಆದರೆ ಮಾತ್ರೆ ಬಿಟ್ಟಿ ಕೆಲಸ ಮಾಡುತ್ತಿರಲಿಲ್ಲ. ಬೆಳಿಗ್ಗೆ ಹತ್ತರವರೆಗೂ ತಲೆಯೊಳಗೆ ಹತ್ತಿ ತುಂಬಿದ ಹಾಗೆ. ಸೊಂಟ ಮೂವತ್ತೆರಡರಿಂದ ಮೂವತ್ತೇಳು. ಅಳತೆ ಪುಸ್ತಕದಲ್ಲಿ ತಮ್ಮದೇ ಒಂದು ಪುಟ ಇಟ್ಟುಕೊಂಡಿದ್ದ ಮಾಸ್ಟರು ಅದನ್ನು ಪ್ರಾಮಾಣಿಕವಾಗಿ ಬರೆದಿದ್ದರು. ಯಾರಿಗೆ ಹೇಳಬೇಕಿತ್ತೋ ಆ ಡಾಕ್ಟರಮ್ಮನಿಗೆ ಮಾತ್ರ ಹೇಳಿರಲಿಲ್ಲ. ಮೂರು ತಿಂಗಳಿಗೊಮ್ಮೆ ಅವರು "ಹೇಗಿದ್ದೀರಿ?" ಎಂದರೆ "ಚೆನ್ನಾಗಿದ್ದೀನಿ ಮೇಡಂ" ಎಂದು ಎದ್ದು ಬರುತ್ತಿದ್ದರು. ದಿನಕ್ಕೆ ಇಪ್ಪತ್ತು ಜನರ ಸೊಂಟಕ್ಕೆ ಟೇಪು ಸುತ್ತುವ ಮನುಷ್ಯನಿಗೆ ತನ್ನ ಸೊಂಟದ ಮಾತೆತ್ತಲು ನಾಚಿಕೆ.

ಡಾಕ್ಟರಮ್ಮನಿಗೆ ಹೇಳದ್ದನ್ನು ಮಿಕ್ಕವರಿಗೆಲ್ಲ ಹೇಳಿದ್ದರು. ಮಿಕ್ಕವರೂ ಸುಮ್ಮನಿರಲಿಲ್ಲ.

"ಅಲ್ಲಯ್ಯಾ, ಎಂಟು ವರ್ಷದಿಂದ ಚೆನ್ನಾಗಿದ್ದೀಯ. ಚೆನ್ನಾಗಿರೋನಿಗೆ ಮಾತ್ರೆ ಯಾತಕ್ಕೆ?" ಎಂದರು ಭಾವ. "ಮನಸ್ಸು ಗಟ್ಟಿ ಮಾಡ್ಕೋ. ಎಲ್ಲಾ ಇರೋದು ಮನಸ್ಸಲ್ಲಿ."

ಹೀಗನ್ನುವಾಗ ಭಾವ ತಮ್ಮ ಏಳು ಖಾನೆಯ ಡಬ್ಬಿ ತೆರೆದು ಬಿಪಿಗೊಂದು, ಶುಗರಿಗೊಂದು, ಮಂಡಿನೋವಿಗೊಂದು, ಈ ಮೂರೂ ಹೊಟ್ಟೆಯೊಳಗೆ ಜಗಳವಾಡದಿರಲೆಂದು ಮತ್ತೊಂದು, ಹೀಗೆ ನಾಲ್ಕು ಮಾತ್ರೆ ಅಂಗೈಗೆ ಸುರಿದುಕೊಳ್ಳುತ್ತಿದ್ದರು. ಕತ್ತಿನಿಂದ ಕೆಳಗಿನ ಕಾಯಿಲೆಗೆ ಮಾತ್ರೆ, ಮೇಲಿನದಕ್ಕೆ ಮನೋಬಲ ಎಂಬುದು ಅವರ ಸಿದ್ಧಾಂತ.

ಪಕ್ಕದ ಅಂಗಡಿಯ ಕ್ಷೌರಿಕ ಅನುಭವಸ್ಥ. "ನಮ್ಮ ಚಿಕ್ಕಪ್ಪನ ಮಗನೂ ಇದೇ ಮಾತ್ರೆ ತಗೋತಿದ್ದ, ಮಾಸ್ಟರೇ. ಒಂದಿನ ಎತ್ತಿ ಬಿಸಾಕಿದ ನೋಡಿ, ಸಿಂಹ ಆಗ್ಬಿಟ್ಟ ಸಿಂಹ!"

"ಈಗ ಹೇಗಿದಾನೆ?"

"ಈಗಿಂದು ಗೊತ್ತಿಲ್ಲ. ಮನೆ ಬಿಟ್ಟು ಹೋಗಿ ಆರು ತಿಂಗಳಾಯ್ತು."

ಮಾಸ್ಟರು ಇವರ ಮಾತಿಗೆ ಸುಲಭವಾಗಿ ಮರುಳಾಗುವವರಲ್ಲ. ಮರುಳಾಗಿದ್ದು ತಮ್ಮ ಕಸುಬಿಗೆ. ಒಂದು ದಿನ ಪ್ಯಾಂಟಿನ ಸೊಂಟ ಬಿಡಿಸುತ್ತ ಕೂತಿದ್ದಾಗ ಅವರಿಗೆ ಥಟ್ಟನೆ ಹೊಳೆಯಿತು. ಕಸುಬು ಗೊತ್ತಿರುವ ಯಾರೂ ಅಳತೆಗೆ ಸರಿಯಾಗಿ ಕತ್ತರಿಸುವುದಿಲ್ಲ. ಇರಲಿ ಅಂತ ಸ್ವಲ್ಪ ಹೆಚ್ಚಿಗೆ ಬಿಟ್ಟಿರುತ್ತಾರೆ. ಡಾಕ್ಟರಮ್ಮ ಒಳ್ಳೆ ಕಸುಬುದಾರರು. ಅಂದಮೇಲೆ ಮಾತ್ರೆಯಲ್ಲೂ ಅರ್ಧ ಇಂಚು ಬಿಟ್ಟೇ ಬರೆದಿರುತ್ತಾರೆ! ಆ ಮಡಿಕೆಯನ್ನು ತೆಗೆದರೆ ಸೊಂಟವೂ ಇಳಿಯುತ್ತದೆ, ಹತ್ತಿಯೂ ಹೋಗುತ್ತದೆ, ಕಾಯಿಲೆಗೆ ಬೇಕಾದಷ್ಟು ಔಷಧಿ ಹಾಗೇ ಉಳಿಯುತ್ತದೆ.

ಮಾತ್ರೆಯನ್ನು ಟೇಬಲಿನ ಮೇಲಿಟ್ಟು, ಸೀಮೆಸುಣ್ಣದಿಂದ ನಡುವೆ ಗೆರೆ ಎಳೆದು, ಕತ್ತರಿಯಿಂದ ಒಂದೇ ಏಟಿಗೆ ಎರಡು ಹೋಳು ಮಾಡಿದರು. ತಕ್ಷಣಕ್ಕೆ ಕಮ್ಮಿ ಮಾಡುವುದು ಬೇಡವೆಂದು ಮೊದಲ ವಾರ ಅರ್ಧ ಬೆಳಿಗ್ಗೆ, ಅರ್ಧ ಸಂಜೆ. ಮೊದಲ ದಿನವೇ ತಲೆ ಗಿರ್ರೆಂದಿತು. ಒಬ್ಬ ಗಿರಾಕಿಯ ಎದೆಯಳತೆ ತೆಗೆದುಕೊಳ್ಳುತ್ತ ಅವನ ಎದೆಗೇ ಒರಗಿ ಕಣ್ಣು ಮುಚ್ಚಿದರು. ಗಿರಾಕಿ ಅದನ್ನು ಪ್ರೀತಿ ಎಂದುಕೊಂಡ. ಮಾಸ್ಟರು ಸಾಕ್ಷಿ ಎಂದುಕೊಂಡರು: ಅರ್ಧಕ್ಕೇ ಇಷ್ಟು ಹೊಡೆತ ಅಂದಮೇಲೆ ಮಾತ್ರೆ ಎಷ್ಟು ಸಡಿಲವಾಗಿ ಹೊಲಿದದ್ದಿರಬೇಕು! ಬೆಳಗಿನ ಹೋಳನ್ನು ಬಿಟ್ಟರು. ಆಮೇಲೆ ಸಂಜೆಯದೂ ಕಾಲು ಮಾತ್ರೆಯಾಯಿತು. ಮೂರನೇ ವಾರಕ್ಕೆ ಪೂರ್ತಿ ನಿಂತಿತು. ತುಂಡು ಬಟ್ಟೆಯನ್ನೂ ಬಿಸಾಡದ ಕೈ ಅದು; ಉಳಿದ ಹೋಳುಗಳನ್ನೂ ಇಡೀ ಮಾತ್ರೆಗಳನ್ನೂ ಬಿಳಿ ಗುಂಡಿಯ ಡಬ್ಬಿಗೆ ಹಾಕಿದರು.

ಎರಡು ವಾರ ಮಾಸ್ಟರು ಹಕ್ಕಿಯಂತಿದ್ದರು. ಬೆಳಿಗ್ಗೆ ಏಳಕ್ಕೇ ಕತ್ತರಿ ಸದ್ದು. "ನೋಡಿದ್ಯಾ, ನಾನು ಹೇಳ್ಲಿಲ್ವಾ?" ಎಂದು ಭಾವ ತಮ್ಮ ಗುಣಪಡಿಸುವ ಶಕ್ತಿಗೆ ತಾವೇ ತಲೆದೂಗಿದರು.

ಆ ಸಮಯಕ್ಕೆ ಹೈಸ್ಕೂಲಿನ ಹೆಡ್‌ಮಾಸ್ಟರು ಕೋಟಿನ ಬಟ್ಟೆ ತಂದರು. ನಿವೃತ್ತಿಗೆ ಎರಡು ತಿಂಗಳಿತ್ತು. ಬೀಳ್ಕೊಡುಗೆಗೆ ತೊಡಲು ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಕೊಟ್ಟ ಬಟ್ಟೆ. ಥಾನಿನ ಕೊನೆ ತುಂಡು, ಬಟ್ಟೆ ಅಂಗಡಿಯಲ್ಲಿ ಇನ್ನೊಂದು ಗೇಣೂ ಸಿಗುವಂತಿರಲಿಲ್ಲ. "ಹುಷಾರು ಮಾಸ್ಟರೇ, ತಪ್ಪಿದರೆ ನಾನು ಬನಿಯನ್ನಿನಲ್ಲಿ ನಿವೃತ್ತಿ ಆಗ್ಬೇಕಾಗುತ್ತೆ" ಎಂದು ನಕ್ಕು ಹೋದರು.

ಮಾಸ್ಟರು ನಗಲಿಲ್ಲ. ಆ ಮನುಷ್ಯ "ಹುಷಾರು" ಎಂದದ್ದೇಕೆ? ಯಾರು ಹೇಳಿ ಕಳಿಸಿದರು? ಬಟ್ಟೆಯನ್ನು ಆರು ಸಲ ಅಳೆದರು. ತಾವೇ ಎಳೆದ ಗೆರೆ ಬೇರೆ ಯಾರೋ ಎಳೆದ ಹಾಗೆ ಕಂಡು, ಒರೆಸಿ ಮತ್ತೆ ಎಳೆದರು. ಇನ್ನೂ ಬಟ್ಟೆಗೆ ಕತ್ತರಿ ತಾಕಿಸಿರಲಿಲ್ಲ, ಅದೊಂದೇ ಪುಣ್ಯ.

ಅಕ್ಕನಿಗೆ ಅನುಮಾನ ಬಂದದ್ದು ಸೀಮೆಸುಣ್ಣದ ಗೆರೆಗಳಿಂದ. ಅಂಚಿಗೆ ಅರ್ಧ ಇಂಚು ಬಿಡುತ್ತಿದ್ದವನು ಮೂರು ಇಂಚು ಬಿಟ್ಟಿದ್ದ. ಆ ಗೆರೆಗೆ ಕತ್ತರಿಸಿದ್ದರೆ ಕೋಟಿನೊಳಗೆ ಹೆಡ್‌ಮಾಸ್ಟರ ಜೊತೆ ಒಬ್ಬ ಪಿ.ಟಿ. ಮೇಷ್ಟ್ರೂ ಹಿಡಿಯುತ್ತಿದ್ದ.

"ಏನೋ ಇದು? ಯಾಕೋ ಇಷ್ಟು ಬಿಟ್ಟಿದ್ದೀಯ?"

"ಇರ್ಲಿ ಬಿಡಕ್ಕ. ಎಲ್ಲಾ ಕಡೆಯಿಂದ ಬಿಗೀತಾ ಇದಾರೆ. ಜಾಗ ಬೇಕಾಗುತ್ತೆ."

ಅಕ್ಕ ತನ್ನ ಕೆಲಸಕ್ಕೆ ಮರಳಿದಳು. ಒಂದು ಶರ್ಟಿಗೆ ಗುಂಡಿ ಹುಡುಕುತ್ತ ಡಬ್ಬಿಗೆ ಕೈ ಹಾಕಿದಳು. ಬೆರಳಿಗೆ ಸಿಕ್ಕ ಬಿಳಿ ಗುಂಡಿಗೆ ತೂತೇ ಇರಲಿಲ್ಲ. ಇನ್ನೊಂದು ಎತ್ತಿದಳು, ಅದು ಅರ್ಧಚಂದ್ರ. ಡಬ್ಬಿಯನ್ನು ಟೇಬಲಿನ ಮೇಲೆ ಸುರಿದಳು. ಗುಂಡಿಗಳ ನಡುವೆಯೆಲ್ಲ ಮಾತ್ರೆ.

"ಎಷ್ಟು ದಿನದಿಂದ?"

ಮಾಸ್ಟರು ಟೇಪಿನ ತುದಿ ಸುತ್ತುತ್ತ ನಿಂತರು. "ಕತ್ತರಿ ಕಿತ್ಕೋಬೇಡಕ್ಕ" ಎಂದಷ್ಟೇ ಹೇಳಿದರು.

"ನಿದ್ದೆ ಬರುತ್ತಾ? ನಿಜ ಹೇಳು."

"ನಾಲ್ಕು ದಿನದಿಂದ ಇಲ್ಲ. ಹೆಡ್‌ಮಾಸ್ಟರು ನನ್ನ ಪರೀಕ್ಷೆ ಮಾಡೋಕೆ ಬಂದಿದ್ರು ಅನ್ಸುತ್ತೆ. ಅಲ್ಲ ಅಂತಾನೂ ಅನ್ಸುತ್ತೆ."

ತನ್ನ ಅನುಮಾನವನ್ನೇ ಇನ್ನೂ ಅನುಮಾನಿಸುವ ಆ ಕೊನೇ ವಾಕ್ಯ ಕೇಳಿ ಅಕ್ಕನಿಗೆ ಜೀವ ಬಂತು. ಕತ್ತರಿಯನ್ನು ಬೀರುವಿಗಿಟ್ಟು ಬೀಗ ಹಾಕಿದಳು. ಆಗಲೇ ತಮ್ಮನ ಕೈ ಹಿಡಿದುಕೊಂಡು ಆಸ್ಪತ್ರೆಗೆ ಹೊರಟಳು. ಭಾವ ಮೇಲ್ವಿಚಾರಣೆಗೆಂದು ಹಿಂದೆಯೇ ಬಂದರು.

ಡಾಕ್ಟರಮ್ಮ ಬೈಯಲಿಲ್ಲ. ಅರ್ಧ ಇಂಚಿನ ಸಿದ್ಧಾಂತವನ್ನು ಗಿರಾಕಿಯ ಎದೆಯ ಸಾಕ್ಷಿ ಸಮೇತ ಪೂರ್ತಿ ಕೇಳಿ, ಒಂದು ಕ್ಷಣ ಫೈಲಿನ ಹಿಂದೆ ನಗು ಮರೆಸಿಕೊಂಡರು.

"ಮಾಸ್ಟರೇ, ನಾನು ಏನೂ ಹೆಚ್ಚಿಗೆ ಬಿಟ್ಟಿಲ್ಲ. ನಿಮ್ಮ ಅಳತೆಗೆ ಸರಿಯಾಗಿ ಬರೆದಿದ್ದೆ. ಇನ್ನೊಂದು ವಿಷಯ, ಈ ಮಾತ್ರೆ ಹೊಟ್ಟೇಲಿ ಇಡೀ ದಿನ ನಿಧಾನವಾಗಿ ಕರಗೋ ಥರ ಮಾಡಿರೋದು. ಕತ್ತರಿಸಿದ್ರೆ ಔಷಧಿಯೆಲ್ಲ ಒಂದೇ ಸಲಕ್ಕೆ ಸುರಿಯುತ್ತೆ. ಅದಕ್ಕೇ ಗಿರಾಕಿ ಎದೆ ಮೇಲೆ ಮಲಗಿದ್ದು ನೀವು. ಎಲ್ಲಾ ಮಾತ್ರೇನೂ ಹೀಗಿರಲ್ಲ. ಯಾವುದು ಕತ್ತರಿಸ್ಬಹುದು, ಯಾವುದು ಬಾರದು ಅಂತ ನನ್ನನ್ನೋ ಔಷಧಿ ಅಂಗಡಿಯವರನ್ನೋ ಕೇಳ್ಬೇಕು."

"ಚೆನ್ನಾಗಿದ್ದೆನಲ್ಲ ಮೇಡಂ, ಅದಕ್ಕೇ..."

"ಮಾತ್ರೆ ತಗೋತಿದ್ರಿ, ಅದಕ್ಕೆ ಚೆನ್ನಾಗಿದ್ರಿ. ಕಮ್ಮಿ ಮಾಡ್ಲೇಬಾರದು ಅಂತಲ್ಲ. ಮಾಡೋದಾದ್ರೆ ಇಬ್ಬರೂ ಕೂತು, ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ, ನಿದ್ದೆ ನೋಡ್ಕೊಂಡು ಮಾಡೋಣ. ಥಟ್ಟಂತ ನಿಲ್ಲಿಸಿದ್ರೆ ಕಾಯಿಲೆ ವಾಪಸ್ ಬರುತ್ತೆ. ಒಂದಿನ ಮರೆತ್ರೂ ಮಾರನೇ ದಿನ ಎರಡು ನುಂಗೋದಲ್ಲ. ಸರಿ, ತೊಂದರೆ ಏನಿತ್ತು ಹೇಳಿ."

ಮಾಸ್ಟರು ಎಂಟು ವರ್ಷದಲ್ಲಿ ಮೊದಲ ಸಲ ಹೇಳಿದರು: ಮೂವತ್ತೆರಡು, ಮೂವತ್ತೇಳು, ಹತ್ತು ಗಂಟೆಯ ಹತ್ತಿ.

"ಇದನ್ನ ಮೊದಲೇ ಹೇಳಿದ್ರೆ ಮಾತ್ರೆ ಹೊತ್ತು ಬದಲಾಯಿಸ್ತಿದ್ದೆ. ಇಲ್ಲಾ ಮಾತ್ರೇನೇ ಬದಲಾಯಿಸ್ತಿದ್ದೆ. ತೂಕ, ಶುಗರು, ರಕ್ತ ಎಲ್ಲಾ ಆಗಾಗ ನೋಡ್ತಿರ್ಬೇಕು." ಹೊಸ ಚೀಟಿ ಬರೆದರು. ಕಮ್ಮಿಯಿಂದ ಶುರುಮಾಡಿ ಹಂತಹಂತವಾಗಿ ಏರಿಸುವುದು, ರಾತ್ರಿಯ ಬದಲು ಸಂಜೆ ಊಟದ ಹೊತ್ತಿಗೇ ತೆಗೆದುಕೊಳ್ಳುವುದು, ವಾರವಾರ ಬಂದು ತೋರಿಸುವುದು.

ಭಾವ ಗಂಟಲು ಸರಿಮಾಡಿಕೊಂಡರು. "ಏನೇ ಆದ್ರೂ ಡಾಕ್ಟ್ರೇ, ಮನೋಬಲ ಅಂತ ಒಂದಿದೆಯಲ್ಲ..."

"ಇದೆ ಇದೆ" ಎಂದಳು ಅಕ್ಕ. "ರೀ, ಇವತ್ತಿಂದ ನಿಮ್ಮ ಬಿಪಿ ಮಾತ್ರೆ ನಾನು ಎತ್ತಿಡ್ತೀನಿ. ನಿಮ್ಮ ಮನೋಬಲದಲ್ಲಿ ಒಂದು ವಾರ ಇದ್ದು ತೋರಿಸಿ."

ಭಾವನ ಕೈ ತಾನಾಗಿ ಜೇಬಿನ ಡಬ್ಬಿಯನ್ನು ಮುಚ್ಚಿಕೊಂಡಿತು.

ಆಮೇಲಿನ ಐದು ವಾರ ಮಾಸ್ಟರು ಮೂಲೆಯ ಸ್ಟೂಲಿನಲ್ಲಿ ಗುಂಡಿಗೆ ಕಾಜಾ ಹೊಲಿದರು. ಹೆಡ್‌ಮಾಸ್ಟರ ಬಟ್ಟೆ ಹಾಗೇ ಮಡಿಸಿಟ್ಟಿತ್ತು. ಹೊರಗಿನವನನ್ನು ಕರೆಯಲೇ ಎಂದು ಅಕ್ಕ ಒಂದು ಸಲ ಕೇಳಿದಳು. ಮಾಸ್ಟರು "ನಿನ್ನಿಷ್ಟ" ಎಂದು ಸೂಜಿಗೆ ದಾರ ಪೋಣಿಸಿದರು. ದಾರ ನಾಲ್ಕನೇ ಸಲಕ್ಕೆ ಹೊಕ್ಕಿತು. ಅವಳು ಕರೆಯಲಿಲ್ಲ. ನಿದ್ದೆ ಮೆಲ್ಲಗೆ ಮರಳಿತು. ಹೆಡ್‌ಮಾಸ್ಟರೂ ಬರೀ ಹೆಡ್‌ಮಾಸ್ಟರಾದರು.

ಆರನೇ ವಾರದ ಒಂದು ಬೆಳಿಗ್ಗೆ ಆ ಹೆಡ್‌ಮಾಸ್ಟರೇ ಬಂದು ಹೊರಗಿನ ಬೆಂಚಿನಲ್ಲಿ ಕೂತರು. ಬೀಳ್ಕೊಡುಗೆಗೆ ಎರಡೇ ವಾರ ಉಳಿದಿತ್ತು. ಅಕ್ಕ ಬೀರು ತೆರೆದು ಕತ್ತರಿಯನ್ನು ಟೇಬಲಿನ ಮೇಲಿಟ್ಟಳು. ಮಾಸ್ಟರು ಬಟ್ಟೆ ಹರವಿದರು, ಗೆರೆ ಎಳೆದರು. ಗೆರೆಗಳೆಲ್ಲ ಸರಿಯಾಗಿಯೇ ಇದ್ದವು. ಕತ್ತರಿ ಎತ್ತಿದರು. ಎತ್ತಿದ ಕತ್ತರಿಯನ್ನು ಹಾಗೇ ಕೆಳಗಿಟ್ಟರು.

"ಅಕ್ಕಾ, ಇವತ್ತು ಬೇಡ. ಮೊನ್ನೆ ಡಾಕ್ಟರಮ್ಮ ಮಾತ್ರೆ ಒಂದು ಹಂತ ಏರಿಸಿದಾರೆ. ತಲೆ ಸ್ವಲ್ಪ ಮಂಜು. ಬಲವಂತವಾಗಿ ಕತ್ತರಿಸ್ಬಹುದು, ಆದ್ರೆ ಕೈ ಮೇಲೆ ನಂಬಿಕೆ ಇಲ್ಲ. ನಾಳೆ ಕತ್ತರಿಸ್ತೀನಿ."

ಅಕ್ಕ ಅವನ ಮುಖವನ್ನೇ ನೋಡಿದಳು. ಐದು ವಾರದಿಂದ ಅವಳು ಕಾಯುತ್ತಿದ್ದದ್ದು ಇದೇ ಮಾತಿಗೆ. ಬೀರುವಿನ ಬೀಗದ ಕೈಯನ್ನು ತಮ್ಮನ ಜೇಬಿಗೆ ಹಾಕಿ ಹೊರಗೆ ಬಂದಳು.

"ಸಾರ್, ನಾಳೆ ಬನ್ನಿ."

ನಲವತ್ತು ವರ್ಷದಿಂದ ಟೈಲರುಗಳ ಬಾಯಲ್ಲಿ ಈ ವಾಕ್ಯವನ್ನು ಕೇಳಿದ್ದ ಹೆಡ್‌ಮಾಸ್ಟರು ನಿಟ್ಟುಸಿರು ಬಿಟ್ಟರು. "ನಾಳೆ ಅಂದ್ರೆ ಯಾವ ತಿಂಗಳಮ್ಮಾ?"

"ನಾಳೆ ಅಂದ್ರೆ ನಾಳೇನೇ ಸಾರ್. ಸಂಜೆ ಟ್ರಯಲ್ಲು."

ಮರುದಿನ ಸಂಜೆ ಸುಮ್ಮನೆ ವಾಕಿಂಗ್ ಬಂದಂತೆ ಅತ್ತ ಬಂದ ಹೆಡ್‌ಮಾಸ್ಟರು, ಕಚ್ಚಾ ಹೊಲಿಗೆ ಹಾಕಿ ಹ್ಯಾಂಗರಿನಲ್ಲಿ ತೂಗುಹಾಕಿದ್ದ ಕೋಟನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ಹೇಳಿದ ದಿನಕ್ಕೆ ಕೆಲಸ ಮಾಡಿಟ್ಟ ಟೈಲರನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಕಾಯಿಲೆ ಇರುವುದು ಊರಿನ ಮಿಕ್ಕ ಟೈಲರುಗಳಿಗೇ ಇರಬೇಕು ಎಂದುಕೊಳ್ಳುತ್ತ ಕೋಟಿನೊಳಗೆ ಕೈ ತೂರಿಸಿದರು.