ಏಳು ಶೃಂಗದ ಘನ

ಅಗಸೆ ಎಣ್ಣೆ ಉಜ್ಜಿದ ಸಾಗವಾನಿ ಕಟ್ಟಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮೈಯೆಲ್ಲ ಉರಿಯಿತು. ಕಳೆದ ವಾರ ಜೋರಾಪುರ ಪೇಟೆಯಲ್ಲಿ ಟ್ಯೂಷನ್ ಅಕ್ಕೋರ ಶ್ರದ್ಧಾಂಜಲಿ ಸಭೆಯಿತ್ತು. ಹಾರ ಹಾಕಿದ ಫೋಟೋದ ಮುಂದೆ ಅವರ ಕಟ್ಟಿಗೆಯ ಆಕೃತಿಗಳನ್ನು ಸಾಲಾಗಿ ಇಟ್ಟಿದ್ದರು. ಘನ, ಪಟ್ಟಕ, ಪಿರಮಿಡ್ಡು, ಶಂಕು…

ಅಕ್ಕೋರ ಪಾಠವೆಂದರೆ ಆ ಆಕೃತಿಗಳೇ. ಒಂದೊಂದನ್ನೇ ಮಕ್ಕಳ ಕೈಗೆ ಕೊಡುತ್ತಿದ್ದರು. ಮೂಲೆಗಳನ್ನು ಬೆರಳಿನಿಂದ ಮುಟ್ಟಿ ಶೃಂಗ ಎಣಿಸಬೇಕು, ಅಂಚು ಸವರಬೇಕು, ತಿರುಗಿಸಿ ಮುಖ ಲೆಕ್ಕ ಹಾಕಬೇಕು, ಆಮೇಲೆ ಹೆಸರು ಹೇಳಬೇಕು. ಆಕೃತಿ ಕೈಯಿಂದ ಕೈಗೆ ದಾಟುತ್ತ ಹೊಸ್ತಿಲವರೆಗೆ ಬಂದು ನಿಲ್ಲುತ್ತಿತ್ತು. ಹೊಸ್ತಿಲಾಚೆ, ಕಟ್ಟೆಯ ಮೇಲೆ ನಾನು. ನಾವು ತೊರವಿಯ ದಲಿತ ಕೇರಿಯ ಬೌದ್ಧ ಮನೆಯವರು. ನನ್ನನ್ನು ಒಳಗೆ ಕೂರಿಸಿದರೆ ಅಕ್ಕೋರ ಮಡಿ ಕೆಡುತ್ತಿತ್ತು. ಬಾಯಲ್ಲಿ ಮಾತ್ರ ಬೆಲ್ಲ. “ನಿನ್ನ ಕಣ್ಣ ಚುರುಕ ಅದಾವ, ಅಲ್ಲಿಂದನ ನೋಡಿ ಹೇಳವ್ವಾ,” ಅನ್ನುತ್ತಿದ್ದರು.

ಒಂದು ದಿನ ಘನವನ್ನು ಎತ್ತಿ ಹಿಡಿದರು. ಕಂಡದ್ದನ್ನು ಎಣಿಸಿ ಹೇಳಿದೆ. “ಮೂರ ಮುಖ, ಒಂಬತ್ತ ಅಂಚು, ಏಳ ಶೃಂಗ ರೀ.”

“ಇನ್ನೊಂದ ಮೂಲಿ ಇಲಿ ತಿಂದೈತೇನ ಬೇ?”

ಒಳಗಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಹಿಂದಿನ ಮುಖಗಳು, ಅಂಚುಗಳು, ಆ ಎಂಟನೆಯ ಶೃಂಗ ನನಗೆ ಕಾಣುವುದಾದರೂ ಹೇಗೆ? ಅವೆಲ್ಲ ಘನ ಕೈಗೆ ಸಿಕ್ಕವರ ಪಾಲು. ಸಂಜೆ ನನ್ನನ್ನು ಕರೆದೊಯ್ಯಲು ಬಂದ ಅಪ್ಪನಿಗೆ, “ಇಕಿ ತಲಿಗೆ ಗಣಿತ ಹತ್ತಂಗಿಲ್ರಿ, ಸುಮ್ಮನ ಬಿಡಸ್ರಿ,” ಎಂದರು. ಅಪ್ಪ ಬಿಡಿಸಿದ.

ಗಣಿತವನ್ನೇ ಓದುತ್ತೇನೆ, ಒಂದು ದಿನ ಇವರ ಎದುರು ನಿಂತು ಎಲ್ಲ ಹೇಳುತ್ತೇನೆ ಎಂದು ಅವತ್ತೇ ಹಲ್ಲು ಕಚ್ಚಿದೆ. ಈಗ ತಿಕೋಟಾದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಅಕ್ಕೋರ ಓಣಿಯಲ್ಲಿ ಎಷ್ಟೋ ಸಲ ಹಾದುಹೋದೆ. ಹೊಸ್ತಿಲು ಕಂಡರೆ ಕಾಲು ಮುಂದೆ ಹೋಗುತ್ತಿರಲಿಲ್ಲ… ನಾಳೆ ಹೇಳಿದರಾಯಿತು ಅಂದುಕೊಳ್ಳುತ್ತಿದ್ದೆ.

ಸಭೆಯಲ್ಲಿ ಅವರ ಮಗಳು ಮೈಕು ಹಿಡಿದು, “ಇವರು ನಮ್ಮವ್ವ ತಯಾರ ಮಾಡಿದ ಗಣಿತ ಟೀಚರ್ರಿ, ಎರಡ ಮಾತ ಹೇಳ್ತಾರ,” ಎಂದಳು. ತಯಾರು ಮಾಡಿದ್ದಂತೆ! ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಕಟ್ಟೆ, ಇಲಿ, ನಗು, ಅಪ್ಪನಿಗೆ ಅಂದ ಮಾತು, ಒಂದನ್ನೂ ಬಿಡಲಿಲ್ಲ.

“ಸತ್ತವ್ರ ಬಗ್ಗೆ ಹಿಂಗ ಮಾತಾಡಬಾರದ್ರಿ,” ಎನ್ನುತ್ತ ಮಗಳು ಮೈಕು ಕಸಿದುಕೊಂಡಳು.

“ಇದ್ದಾಗ ಒಳಗ ಕರದಿದ್ರ ಅವಾಗನ ಹೇಳ್ತಿದ್ನಿ,” ಎಂದೆ.

ಹೊರಗೆ ಬಂದಾಗ ಎದೆ ಹಗುರಾಗಬೇಕಿತ್ತು. ಆಗಲಿಲ್ಲ, ಇವತ್ತಿಗೂ ಆಗಿಲ್ಲ. ಇಷ್ಟು ವರ್ಷ ಆ ಮಾತನ್ನು ಯಾರಿಗಾಗಿ ಹೊತ್ತು ತಿರುಗಿದೆನೋ ಅವರೊಬ್ಬರೇ ಅದನ್ನು ಕೇಳಲಿಲ್ಲ. ಅಕ್ಕೋರ ಸಾವು ನನಗೂ ತುಂಬಲಾರದ ನಷ್ಟವೇ.