ಸೊಪ್ಪಿನ ಕೋಣೆಯ ಹತ್ತು ದಿನ

ತೊಂಬತ್ತೈದಿರಬೇಕು, ತೊಂಬತ್ತಾರೂ ಇರಬಹುದು. ಆ ಕಾಲ ನನ್ನ ತಲೆಯಲ್ಲಿ ವರ್ಷವಾಗಿ ಉಳಿದಿಲ್ಲ, ಒಂದು ಮಬ್ಬು ಬೆಳಕಿನ ಕೋಣೆಯಾಗಿ ಉಳಿದಿದೆ. ಪಾಂಡವಪುರದ ಕಡೆ ಒಬ್ಬ ದೊಡ್ಡ ರೈತರ ಮನೆಯ ಹಿಂದೆ ರೇಷ್ಮೆಯ ಎಳೆ ಹುಳು ಸಾಕುವ ಚಾಕಿ ಕೇಂದ್ರವಿತ್ತು. ಅಲ್ಲಿ ಎರಡು ಜ್ವರ ದಾಟಿದ ಹುಳುವನ್ನು ಸುತ್ತಲಿನ ರೈತರು ಬಂದು ಒಯ್ಯುತ್ತಿದ್ದರು. ಜ್ವರವೆಂದರೆ ಕಾಯಿಲೆಯಲ್ಲ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿಕೊಂಡು ಅಲ್ಲಾಡದೆ ಕೂರುತ್ತದಲ್ಲ, ಅದನ್ನೇ ಜ್ವರಕ್ಕೆ ಕೂತಿದೆ ಅನ್ನುವುದು. ಆಗ ತಟ್ಟೆ ಅಲ್ಲಾಡಿಸುವ ಹಾಗಿಲ್ಲ, ಜೋರಾಗಿ ಮಾತಾಡುವ ಹಾಗಿಲ್ಲ. ನಾವು ಒಂಬತ್ತು ಜನ ಹೆಂಗಸರು ನಿದ್ದೆಗಣ್ಣಲ್ಲಿ ನಡೆಯುವವರ ಹಾಗೆ ಬರಿಗಾಲಲ್ಲಿ ಓಡಾಡುತ್ತಿದ್ದೆವು. ಈಗಲೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬರುತ್ತದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ನಾಗಮಂಗಲದ ಕಡೆಯಿಂದ ಬಂದು ಚಿಕ್ಕಮ್ಮನ ಮನೆಯಲ್ಲಿದ್ದವಳು. ಇಪ್ಪತ್ತೊಂದು ವಯಸ್ಸು, ಕೋಪ ಮೂಗಿನ ತುದಿಯಲ್ಲೇ. ಕೆಲಸಕ್ಕೆ ಸೇರಿದ ಮೊದಲ ದಿನವೇ ಯಜಮಾನರ ತಾಯಿ, ನಾವೆಲ್ಲ ದೊಡ್ಡವ್ವ ಅನ್ನುತ್ತಿದ್ದ ಮುದುಕಿ, ಬಾಗಿಲಲ್ಲಿ ಕೂರಿಸಿಕೊಂಡು ಕಟ್ಟಳೆ ಹೇಳಿತ್ತು. ಮುಟ್ಟಾದವಳು ಹುಳುಮನೆಯ ಹೊಸ್ತಿಲು ತುಳಿಯಬಾರದು, ತುಳಿದರೆ ಹುಳು ಸಾಯುತ್ತವೆ. ಮೂರು ದಿನ ಹೊರಗಿದ್ದು, ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಬರಬೇಕು. ಆ ಮೂರು ದಿನ ಕೂಲಿಯಿಲ್ಲ. ನಾಲ್ಕನೇ ದಿನವೂ ಬರದಿದ್ದರೆ ಆ ಜಾಗಕ್ಕೆ ಬೇರೆಯವಳು ಬರುತ್ತಾಳೆ.

ಕೂಲಿ ಬಿಟ್ಟು ಬದುಕುವ ಸ್ಥಿತಿಯಲ್ಲಿ ನಮ್ಮಲ್ಲಿ ಯಾರಿದ್ದರು? ಹೊಟ್ಟೆ ನುಲಿದರೂ ಬಾಯಿ ಮುಚ್ಚಿಕೊಂಡು ಒಳಗೇ ಇರುತ್ತಿದ್ದೆವು. ತಡೆಯಲಾರದಷ್ಟು ಸುಸ್ತಾದ ತಿಂಗಳು ಮಾತ್ರ ನಿಜ ಹೇಳಿ ಮನೆಗೆ ಹೋಗಿ ಮಲಗುತ್ತಿದ್ದೆವು. ಒಬ್ಬರದು ಒಬ್ಬರಿಗೆ ಗೊತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಹುಳು ಮಾತ್ರ ಚೆನ್ನಾಗಿಯೇ ಬೆಳೆಯುತ್ತಿದ್ದವು.

ನನಗೆ ಸೊಪ್ಪು ಹೆಚ್ಚುವುದನ್ನು ಕಲಿಸಿದವಳು ಶೀಳನೆರೆ ಕಡೆಯ ಒಬ್ಬಾಕೆ. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಅಕ್ಕ ಅನ್ನುತ್ತಿದ್ದೆ. ಇಬ್ಬರು ಹೆಣ್ಣುಮಕ್ಕಳು. ಎರಡನೇ ಹೆರಿಗೆಯಲ್ಲಿ ರಕ್ತ ನಿಲ್ಲದೆ ಸತ್ತು ಬದುಕಿದವಳು. ಮತ್ತೆ ಬಸುರಿಯಾದಾಗ ಗಂಡನನ್ನು ಕೂರಿಸಿಕೊಂಡು, ನನ್ನ ಮೈ ತಡೆಯೋದಿಲ್ಲ, ಈ ಮಗು ಬೇಡ ಅಂದಳಂತೆ. ಅವನು ಒಪ್ಪಿದ. ಗಂಡು ಮೊಮ್ಮಗನಿಗೆ ಹರಕೆ ಹೊತ್ತಿದ್ದ ಅತ್ತೆಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಶ್ರೀರಂಗಪಟ್ಟಣದ ಲೇಡಿ ಡಾಕ್ಟರ ಹತ್ತಿರ ಹೋಗಿ ತೆಗೆಸಿಕೊಂಡು ಬಂದಳು. ಹತ್ತು ದಿನ ಭಾರ ಎತ್ತಬಾರದು, ಮಲಗಿರಬೇಕು ಅಂದಿದ್ದರು. ಹತ್ತು ದಿನ ಎಲ್ಲಿಂದ ತರುವುದು? ಮನೆಯಲ್ಲೂ ಇಲ್ಲೂ ಮುಟ್ಟಾಗಿದ್ದೀನಿ ಅಂತ ಹೇಳಿ ಮೂರು ದಿನ ಮಲಗಿದಳು. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಬಂದು ಸೊಪ್ಪಿನ ಕುಕ್ಕೆ ಎತ್ತಿದಳು.

ಹನ್ನೊಂದು ಗಂಟೆಯ ಹೊತ್ತಿಗೆ ತಟ್ಟೆಗಳ ಸಾಲಿನ ನಡುವೆ ಕುಸಿದು ಕೂತಳು. ಎಬ್ಬಿಸಲು ಹೋದೆ, ಸೀರೆ ನೆನೆದಿತ್ತು. ನನ್ನ ಹಿಂದೆಯೇ ದೊಡ್ಡವ್ವ ನಿಂತಿತ್ತು. ಹುಳುಮನೆ ಮೈಲಿಗೆಯಾಯಿತು, ಹುಳುವೆಲ್ಲ ಹೋದವು ಅಂತ ಅದು ಎದೆ ಹಿಡಿದುಕೊಂಡಿತು. ಕೂಗು ಕೇಳಿ ಬಂದ ಯಜಮಾನರು ಅಕ್ಕನ ಮುಖವನ್ನೂ ನೋಡದೆ, ನಾಳೆಯಿಂದ ಬರಬೇಡ ಅಂದರು. ಅಕ್ಕ ಗೋಡೆ ಹಿಡಿದುಕೊಂಡು ಎದ್ದು ನಿಂತಳು. ನನಗೆ ಎಲ್ಲಿತ್ತೋ ಸಿಟ್ಟು.

"ದೊಡ್ಡವ್ವಾ, ನಂಗೆ ಇವತ್ತು ಎಲ್ಡನೇ ದಿನ. ಬೆಳಗಿಂದ ಎಲ್ಲಾ ತಟ್ಟೇಗೂ ನಾನೇ ಸೊಪ್ಪು ಹಾಕಿವ್ನಿ. ಓದ ತಿಂಗ್ಳೂ ಒಳಗೇ ಇದ್ದೆ. ಎಷ್ಟು ಹುಳ ಸತ್ವು, ಯೋಳಿ."

ಆಮೇಲೆ ಬಾಗಿಲ ಹತ್ತಿರದಿಂದ ಒಬ್ಬಳು ಮೆಲ್ಲಗೆ, ನಾನೂವೆ ಅಂದಳು. ಮೂಲೆಯಿಂದ ಇನ್ನೊಬ್ಬಳು ಅಂದಳು. ಉಳಿದ ಏಳು ಜನವೂ ಒಪ್ಪಿಕೊಂಡರು. ನಾನು ನಿಲ್ಲಿಸಲಿಲ್ಲ. ಹುಳು ಜ್ವರಕ್ಕೆ ಕೂತರೆ ಉಸಿರು ಬಿಗಿಹಿಡಿದು ಓಡಾಡಿ ಅಂತೀರಿ, ನಮಗೆ ಮೈ ಕೆಟ್ಟರೆ ಬೀದಿಗೆ ಹಾಕ್ತೀರಾ ಅಂತ ಕೇಳಿದೆ. ಗೆದ್ದೆ ಅಂದುಕೊಂಡೆ.

ಯಜಮಾನರು ಬುದ್ಧಿವಂತರು. ಸ್ವಲ್ಪ ಹೊತ್ತು ತಟ್ಟೆಗಳನ್ನು ನೋಡಿದರು. ಹುಳು ಮೈ ತುಂಬಿಕೊಂಡು ಹೊಳೆಯುತ್ತಿದ್ದವು.

"ಸರಿ. ಏನೂ ಆಗಕಿಲ್ಲ ಅಂದ್ಮೇಲೆ ಒರಗೆ ಕೂರದ್ಯಾಕೆ? ಇವ್ಳೂ ಬರ್ಲಿ. ಇನ್ಮೇಲೆ ತಿಂಗ್ಳೆಲ್ಲಾ ಎಲ್ರೂ ಬನ್ನಿ, ಯಾರ್ಗೂ ಆ ಮೂರು ದಿನ ಇಲ್ಲ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ ನಾನು. ನಮ್ಮನ್ನು ಅಶುದ್ಧ ಅನ್ನುತ್ತಿದ್ದ ಕಟ್ಟಳೆಯೇ ನಮಗಿದ್ದ ಒಂದೇ ರಜೆ ಅನ್ನುವುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಉಳಿದವರು ನನ್ನ ಕಡೆ ನೋಡದೆ ಸೊಪ್ಪು ಹೆಚ್ಚತೊಡಗಿದರು. ಒಬ್ಬರಾದರೂ ಬೈದಿದ್ದರೆ ಹಗುರಾಗುತ್ತಿತ್ತು.

ಸಂಜೆ ಅಕ್ಕನನ್ನು ಬಸ್ಸಿನಲ್ಲಿ ಕರೆದುಕೊಂಡು ಮತ್ತೆ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ನೋಡಿ, ಗುಳಿಗೆ ಕೊಟ್ಟು, ಭಯವಿಲ್ಲ, ಆದರೆ ಮಲಗಲೇಬೇಕು ಅಂದರು. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತಿದ್ದೆವು. ಕೋಟೆಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಬಸ್ಸುಗಳು ಬಂದು ಹೋಗುತ್ತಿದ್ದವು, ಅಕ್ಕ ಎಲ್ಲೋ ದೂರದಿಂದ ಮಾತಾಡುವವಳ ಹಾಗೆ ಹೇಳಿದಳು.

"ಕೆಲ್ಸ ಉಳಿಸ್ಬುಟ್ಟೆ ಕಣಮ್ಮಿ. ನಂಗೆ ಬೇಕಾಗಿದ್ದದ್ದು ಮನೀಕಳಾಕೆ ಒಂದು ಜಾಗ. ಅದು ಮನೇಲೂ ಇಲ್ಲ, ಇಲ್ಲೂ ಇಲ್ಲ."

ನಾನು ಅತ್ತುಬಿಟ್ಟೆ. ಸಮಾಧಾನ ಮಾಡುವ ಕೆಲಸವೂ ಅವಳ ಮೇಲೆಯೇ ಬಿತ್ತು, ನಾಚಿಕೆಗೇಡು.

ಮಾರನೆಯ ದಿನ ಬೆಳಿಗ್ಗೆ ನಾನು ಒಬ್ಬೊಬ್ಬರ ಹತ್ತಿರವೂ ಹೋಗಿ ಅಕ್ಕನ ಪಾಲಿನ ಕೆಲಸ ಹಂಚಿಕೊಳ್ಳೋಣ ಅಂತ ಕೇಳಿಕೊಂಡೆ. ನಿನ್ನೆ ಮುಖ ತಿರುಗಿಸಿದವರೇ ಮೊದಲು ಕೈ ಹಾಕಿದರು. ಸೊಪ್ಪಿನ ಕೋಣೆಯ ಹಿಂದಿನ ಮೂಲೆಯಲ್ಲಿ ಒಣ ಗೋಣಿ ಹಾಸಿ, ಮುಂದೆ ಸೊಪ್ಪಿನ ಹೊರೆ ಜೋಡಿಸಿ ಅಕ್ಕನನ್ನು ಮಲಗಿಸಿದೆವು. ಒಂಬತ್ತು ಜನದ ಕೆಲಸ ಎಂಟು ಜನ ಮಾಡಿದೆವು. ಅಂದಿನ ಹಗಲುಗಳು ಎಷ್ಟು ನಿಧಾನವಾಗಿ ಸರಿದವು! ತಂಪಿಗೆಂದು ನೆನೆಸಿದ ಗೋಣಿತಾಟಿನ ಪರದೆಯಿಂದ ಹಸಿರು ಬೆಳಕು ಒಳಗೆ ಬರುತ್ತಿತ್ತು, ಹೊರಗೆ ನಾಲೆಯ ನೀರು ಹರಿಯುತ್ತಿತ್ತು, ಸೊಪ್ಪಿನ ಹೊರೆಗಳ ಹಿಂದೆ ಒಬ್ಬಳು ಹೆಂಗಸು ನಿದ್ದೆ ಮಾಡುತ್ತಿದ್ದಳು. ನಾವು ಕತ್ತಿಯ ಸದ್ದೂ ಕೇಳದ ಹಾಗೆ ಹೆಚ್ಚುತ್ತಿದ್ದೆವು. ನನ್ನ ಜೀವನದಲ್ಲಿ ನಾನು ಅಷ್ಟು ಸುಖವಾಗಿ ದುಡಿದದ್ದೇ ಇಲ್ಲ.

ಮೂರನೆಯ ದಿನ ದೊಡ್ಡವ್ವ ಸೊಪ್ಪಿನ ಕೋಣೆಗೆ ಬಂದುಬಿಟ್ಟಿತು. ಹೊರೆಗಳ ಹಿಂದೆ ಇಣುಕಿ ನೋಡಿತು. ನಮ್ಮ ಕೈಗಳು ನಿಂತವು. ಮುದುಕಿ ತುಂಬ ಹೊತ್ತು ಅಕ್ಕನ ಮುಖ ನೋಡುತ್ತಿತ್ತು, ಆಮೇಲೆ ನಮ್ಮ ಕಡೆ ತಿರುಗದೆ, "ನೆಲ ತಣ್ಣಗದೆ, ಒಂದು ಕಂಬಳಿನಾದ್ರೂ ಹಾಕ್ರವ್ವ" ಅಂತ ಹೇಳಿ ಹೋಯಿತು. ಮಗನಿಗೆ ಒಂದು ಮಾತೂ ಹೇಳಲಿಲ್ಲ. ಅದರ ಮನಸ್ಸಿನಲ್ಲಿ ಏನು ಬಂದಿತ್ತೋ, ಕೇಳುವ ಬುದ್ಧಿ ಆಗ ನನಗಿರಲಿಲ್ಲ.

ಹತ್ತು ದಿನ ತುಂಬಿತು. ಅಕ್ಕನ ಮುಖಕ್ಕೆ ಬಣ್ಣ ಬಂತು, ಎದ್ದು ಕುಕ್ಕೆ ಹಿಡಿದಳು. ಆಮೇಲೆ ನಾನು ಎಷ್ಟೋ ಕಡೆ ನಿಂತು ಹೆಂಗಸರ ರಜೆಗಾಗಿ ಗಂಟಲು ಹರಿದುಕೊಂಡಿದ್ದೇನೆ, ಎಷ್ಟೋ ಮೇಜುಗಳ ಮೇಲೆ ಅರ್ಜಿ ಇಟ್ಟಿದ್ದೇನೆ. ಕೊಡಿ ಅಂತ ಕೇಳುವುದು ನನಗೆ ಚೆನ್ನಾಗಿ ಬರುತ್ತದೆ.

ಆಗ ತೆಗೆದುಕೊಳ್ಳಲು ಬರುತ್ತಿರಲಿಲ್ಲ. ಅಕ್ಕ ಎದ್ದು ಕುಕ್ಕೆ ಹಿಡಿದ ಮುಂದಿನ ತಿಂಗಳು ಒಂದು ಬೆಳಿಗ್ಗೆ ಹೊಟ್ಟೆ ಹಿಂಡುತ್ತಿದ್ದರೂ ಹಲ್ಲು ಕಚ್ಚಿ ಸೊಪ್ಪು ಹೆಚ್ಚುತ್ತಿದ್ದೆ. ಅಕ್ಕ ಬಂದು ನನ್ನ ಕೈಯಿಂದ ಕತ್ತಿ ತೆಗೆದುಕೊಂಡಳು. ನನಗೇನೂ ಆಗಿಲ್ಲ ಬಿಡಕ್ಕ ಅಂದೆ. ಅವಳು ಗೋಣಿ ಹಾಸಿ, ಕಂಬಳಿ ಕೊಡವಿ, ನನ್ನ ಹೆಗಲು ಹಿಡಿದು ಕೂರಿಸಿದಳು.

"ಊರಿಗೆಲ್ಲಾ ಜಗಳ ಆಡ್ತೀಯೆ. ಒಸಿ ಮನೀಕೊ, ನಿನ್ ಪಾಲು ನಾನು ಎಚ್ತೀನಿ."