ಡೈನಮೋ ತಿಂದ ಸೋಬಾನೆ

ಹೋದ ವಾರ ಶಿವಮೊಗ್ಗೆಯ ನಮ್ಮ ಬೀದಿಯ ಮೂಲೆಗೆ ದೊಡ್ಡದೊಂದು ಟ್ರಾನ್ಸ್‌ಫಾರ್ಮರ್ ತಂದು ನಿಲ್ಲಿಸಿದರು. ಹಗಲೆಲ್ಲ ಗುಂಯ್ ಎನ್ನುತ್ತದೆ. ಮರುದಿನವೇ ಎದುರು ಮನೆಯಾಕೆ ಬಂದಳು.

"ಹುಷಾರು ಮಾರಾಯ್ತಿ. ಅದರೊಳಗೆ ಅಯಸ್ಕಾಂತ ಇರುತ್ತಂತೆ, ತಲೇಲಿರೋದನ್ನೆಲ್ಲ ಎಳ್ಕೊಂಡುಬಿಡುತ್ತಂತೆ. ಭದ್ರಾವತೀಲಿ ಯಾರೋ ಹೆಂಗಸಿಗೆ ಹಂಗೇ ಆಯ್ತಂತೆ."

ಅಕ್ಕಿ ಕೇರುತ್ತಿದ್ದ ನನ್ನ ಕೈ ನಿಂತಿತು. ಆ ಹೆಂಗಸು ನನ್ನ ಓರಗಿತ್ತಿ ರುಕ್ಕು. ಆ ಮಾತು ಹುಟ್ಟಿಸಿದವಳು ನಾನು.

ನೀವು ಬೇರೆಯವರಲ್ಲ ಎಂದು ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚು ಜಾಸ್ತಿ. ಪಕ್ಕದ ಹಿತ್ತಲಲ್ಲಿ ಕನಕಾಂಬರ ನಾಲ್ಕು ಹೂವು ಹೆಚ್ಚು ಬಿಟ್ಟರೂ ನನಗೆ ಊಟ ಸೇರುವುದಿಲ್ಲ. ಆದರೆ ರುಕ್ಕುವಿನ ಮೇಲೆ ಪಟ್ಟಷ್ಟು ಹೊಟ್ಟೆಕಿಚ್ಚನ್ನು ಇನ್ನಾರ ಮೇಲೂ ಪಟ್ಟಿಲ್ಲ. ಅವಳು ನನ್ನ ಮೈದುನನ ಹೆಂಡತಿ. ಓದುಬರಹ ಬಾರದು. ಆದರೆ ಮದುವೆಮನೆಯಲ್ಲಿ ಸೋಬಾನೆಗೆ ಬಾಯಿ ತೆರೆದಳೆಂದರೆ ಎಣ್ಣೆ ಶಾಸ್ತ್ರಕ್ಕೆ, ಹಸೆಗೆ ಕರೆಯುವುದಕ್ಕೆ, ಬೀಗರನ್ನು ಆಡಿಕೊಳ್ಳುವುದಕ್ಕೆ, ಒಂದೊಂದಕ್ಕೂ ಹತ್ತಾರು ಹಾಡು. ಎಲ್ಲ ಅವಳ ಅಜ್ಜಿಯ ಬಾಯಿಂದ ಬಂದವು. ನಾನೋ ಮೇಷ್ಟರ ಹೆಂಡತಿ. ನನ್ನದು ರಟ್ಟು ಹಾಕಿದ ಹಾಡಿನ ಪುಸ್ತಕ, ದುಂಡಗಿನ ಅಕ್ಷರ. ನಾನು ಪುಟ ಹುಡುಕುವಷ್ಟರಲ್ಲಿ ಅವಳು ನಾಲ್ಕನೆಯ ನುಡಿಯಲ್ಲಿರುತ್ತಿದ್ದಳು. ಹಿರಿಸೊಸೆ ನಾನು ಕಣ್ಣೆದುರಿಗೇ ಕೂತಿದ್ದರೂ ನಮ್ಮತ್ತೆ, "ರುಕ್ಕು, ಶುರು ಮಾಡವ್ವ" ಎನ್ನುತ್ತಿದ್ದರು. ಆ 'ಅವ್ವ' ನನಗೆ ಒಮ್ಮೆಯೂ ಸಿಗಲಿಲ್ಲ.

ಮೈದುನನಿಗೆ ಭದ್ರಾವತಿಯ ಕಾರ್ಖಾನೆಯ ಪವರ್ ಹೌಸಿನಲ್ಲಿ ಕೆಲಸ. ಅದರ ಬೆನ್ನಿಗೇ ಅವರ ಕ್ವಾರ್ಟರ್ಸು. ಆಗ ನಮ್ಮ ಮನೆಯಲ್ಲಿ ಲಾಟೀನು, ಅವಳ ಮನೆಯಲ್ಲಿ ಸ್ವಿಚ್ಚು ಒತ್ತಿದರೆ ಬೆಳಕು. ಅದೂ ಒಂದು ಉರಿ. ಗೋಡೆಯಾಚೆ ಡೈನಮೋ ಎಡೆಬಿಡದೆ ಗುಂಯ್‌ಗುಡುತ್ತಿತ್ತು. ನನಗೆ ಅದರಿಂದ ತಲೆನೋವು ಬಂದರೆ ರುಕ್ಕು ಅದನ್ನೇ ಶ್ರುತಿ ಮಾಡಿಕೊಂಡು ರಾಗಿ ಬೀಸುತ್ತಾ ಹಾಡುತ್ತಿದ್ದಳು.

ನಾದಿನಿಯ ಮದುವೆಗೆ ಹದಿನೈದು ದಿನವಿದ್ದಾಗ ಅವರನ್ನು ಕರೆಯಲು ಹೋಗಿದ್ದೆ. ಮೈದುನ ಜೇಬಿನ ಗಡಿಯಾರವನ್ನು ಗೂಟಕ್ಕೆ ನೇತುಹಾಕಿ ಕೆಲಸಕ್ಕೆ ಹೊರಟ. ಯಾಕಪ್ಪ ಎಂದೆ.

"ಡೈನಮೋ ಹತ್ರ ಒಯ್ದ್ರೆ ಅಯಸ್ಕಾಂತ ಹಿಡ್ಕೊಳ್ಳುತ್ತೆ ಅತ್ತಿಗೆ. ಮೊದಲಿನ ಗಡಿಯಾರ ಹಂಗೇ ಕೆಟ್ಟೋಯ್ತು."

ಅವನು ಬೀದಿ ದಾಟುವುದರೊಳಗೆ ನನ್ನ ನಾಲಿಗೆ ಹೊರಳಿತು.

"ಗಡಿಯಾರಾನೇ ನಿಲ್ಸೋ ಯಂತ್ರ ಮನುಷ್ಯರ ತಲೇನ ಬಿಡುತ್ತಾ ರುಕ್ಕು? ನಮ್ಮ ಮನೆಯವರು ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ರು. ಮೊದಲು ನೆನಪು ಹೋಗುತ್ತಂತೆ."

"ಹೌದಾ ಅಕ್ಕ?"

"ಯಾವುದಾದ್ರೂ ಹಾಡು ಮರ್ತಿದ್ಯಾ, ನೋಡ್ಕೋ."

ನಮ್ಮ ಮನೆಯವರು ಅಂಥ ಪುಸ್ತಕವನ್ನು ಕಣ್ಣಿನಿಂದಲೂ ಕಂಡಿರಲಿಲ್ಲ. ಆದರೆ ರುಕ್ಕುವಿನ ತಲೆಯಲ್ಲಿ ಹುಳ ಬಿಟ್ಟಾಗಿತ್ತು. ಆಮೇಲೆ ಅವಳು ಸುಮ್ಮನೆ ರಾಗಿ ಬೀಸಿದಳು. ಬರುವಾಗ ಅರ್ಧ ದಾರಿಯ ಮಾಚೇನಹಳ್ಳಿಯವರೆಗೆ ನನಗೆ ಸ್ವಲ್ಪ ನಾಚಿಕೆಯಾಯಿತು, ಅಲ್ಲಿಂದ ಮುಂದೆ ಹಸಿವಾಯಿತು.

ಮದುವೆಯ ದಿನ ಹೆಣ್ಣು ಒಪ್ಪಿಸುವ ಹೊತ್ತು ಬಂತು. ಅತ್ತೆ ಎಂದಿನಂತೆ ರುಕ್ಕುವನ್ನೇ ಕರೆದರು. ಎರಡು ನುಡಿ ಹೇಳಿದಳು. ಮೂರನೆಯದಕ್ಕೆ ನಿಂತಳು. ತುಟಿ ಅಲುಗುತ್ತಿದೆ, ಮಾತು ಬರುತ್ತಿಲ್ಲ. ಅವಳು ಅತ್ತೆಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಆ ಹಾಡಿನ ಪುಟಕ್ಕೆ ನಾನು ಬೆಳಿಗ್ಗೆಯೇ ದಾರ ಇಟ್ಟುಕೊಂಡಿದ್ದೆ. ಉಳಿದ ಹಾಡು ಹೇಳಿ ಹುಡುಗಿಯನ್ನು ಒಪ್ಪಿಸಿದವಳು ನಾನೇ. ಆ ದಿನ ಹೋಳಿಗೆ ಬಹಳ ರುಚಿಯಾಗಿತ್ತು.

ರುಕ್ಕು ಮತ್ತೆ ಸೋಬಾನೆಗೆ ಕೂರಲಿಲ್ಲ. ಯಾರು ಕರೆದರೂ, "ನಂದೆಲ್ಲ ಮರ್ತೋಯ್ತು, ಅಕ್ಕನ್ನ ಕೇಳಿ" ಎನ್ನುತ್ತಿದ್ದಳು. ಹಾಗೆ ನಾನು ಮೊದಲಿನವಳಾದೆ. ನನ್ನ ಪುಸ್ತಕದಲ್ಲಿದ್ದದ್ದು ಇಪ್ಪತ್ತು ಚಿಲ್ಲರೆ ಹಾಡು. ಅವನ್ನೇ ಮದುವೆಯಿಂದ ಮದುವೆಗೆ ಎಳೆದೆ. ನಾನು ಶುರು ಮಾಡಿದರೆ ಹೆಂಗಸರು ಎಲೆಅಡಿಕೆ ತಟ್ಟೆ ಎಲ್ಲಿ ಎಂದು ಹುಡುಕುತ್ತಿದ್ದರು. ಅತ್ತೆಯಂತೂ ಸಾಯುವವರೆಗೆ, "ರುಕ್ಕು ಹಾಡಿದ್ರೆ ಎಷ್ಟು ಚೆನ್ನಾಗಿತ್ತು" ಎಂದೇ ಕೊರಗಿದರು. ಒಮ್ಮೆ ನಾನೇ ಪುಸ್ತಕ ಹಿಡಿದು ಹೋಗಿ, ಹೇಳು ಬರೆದುಕೊಳ್ಳುತ್ತೇನೆ ಎಂದೆ. ಒಂದೊಂದು ಹಾಡಿಗೂ ಮೊದಲ ಸಾಲು ಬಂತು, ಅಲ್ಲಿಗೇ ತಲೆ ಆಡಿಸಿದಳು. ಅಜ್ಜಿಯ ಕಾಲದಿಂದ ಬಂದ ಹಾಡುಗಳು ಅಲ್ಲಿಗೆ ಮುಗಿದವು.

ಎದುರು ಮನೆಯಾಕೆ ಎದ್ದುಹೋದ ಮೇಲೆ ತಡೆಯಲಾಗಲಿಲ್ಲ. ಮರುದಿನ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ರುಕ್ಕು ಬಾಗಿಲಲ್ಲೇ, "ಬನ್ನಿ ಅಕ್ಕ" ಎಂದು ಚೀಲ ಇಸಿದುಕೊಂಡಳು. ನಮ್ಮ ಬೀದಿಗೆ ಟ್ರಾನ್ಸ್‌ಫಾರ್ಮರ್ ಬಂದದ್ದನ್ನು ಹೇಳಿ, ಅದೇ ಉಸಿರಿನಲ್ಲಿ ಉಳಿದದ್ದನ್ನೂ ಹೇಳಿದೆ.

"ಡೈನಮೋ ಮಾತು ಸುಳ್ಳು ರುಕ್ಕು. ನಿನ್ನ ಹಾಡಿನ ಮೇಲೆ ಹೊಟ್ಟೆಕಿಚ್ಚಿತ್ತು ನಂಗೆ. ಅದಕ್ಕೇ ಹೇಳ್ದೆ."

ಅವಳು ನಕ್ಕುಬಿಟ್ಟಳು. "ಓದಿದೋರು ನೀವು, ನನ್ನ ಮೇಲೆ ಯಾಕೆ ಹೊಟ್ಟೆಕಿಚ್ಚು ಪಡ್ತೀರಿ? ನೀವು ಹೇಳಿದ್ದಕ್ಕೇ ಮಕ್ಕಳನ್ನ ಆ ಗೋಡೆ ಹತ್ರ ಆಡೋಕೆ ಬಿಡ್ಲಿಲ್ಲ. ಇಬ್ರೂ ಒಂದು ಮಗ್ಗಿ ತಪ್ಪಲ್ಲ. ನಂದು ಹೋದ್ರೆ ಹೋಯ್ತು, ಅವರದ್ದು ಉಳೀತಲ್ಲ."

"ಇಲ್ಲ ರುಕ್ಕು, ದೇವರಾಣೆಗೂ ಸುಳ್ಳು ಹೇಳಿದ್ದೆ."

ಈಗ ಅವಳು ನಗಲಿಲ್ಲ. ಹತ್ತಿರ ಬಂದು ನನ್ನ ಹಣೆ ಮುಟ್ಟಿದಳು. "ನಿಮ್ಮ ಬೀದೀಲೂ ಯಂತ್ರ ಬಂತು ಅಂದ್ರಲ್ಲ, ಅದರ ಕೆಲಸ ಇದು. ನಂಗೂ ಮೊದಮೊದಲು ಹಿಂಗೇ ಇಲ್ಲದ್ದೆಲ್ಲ ನೆನಪಾಗ್ತಿತ್ತು. ಹೆದರ್ಬೇಡಿ ಅಕ್ಕ, ನಾನಿದೀನಿ."

ಸಂಜೆಯ ಬಸ್ಸಿನಲ್ಲಿ ಶಿವಮೊಗ್ಗೆಗೆ ಬರುವಾಗ ಹೊಟ್ಟೆಯಲ್ಲಿ ಮತ್ತೆ ಆ ಹಳೆಯ ಉರಿಯೇ ಎದ್ದಿತು. ಕಣ್ಣುಮುಚ್ಚಿ ನಂಬಲು ಅವಳಿಗೆ ಒಬ್ಬ ಅಕ್ಕ ಇದ್ದಾಳೆ. ನನಗೆ ಅಂಥವರು ಯಾರೂ ಇಲ್ಲ.